ಮೊದಲ ಗಿರಾಕಿ ಯಾರು?

ಲೋಜೇರ್ ಸ್ಟೇಷನ್ನಿನಲ್ಲಿ ಇಳಿದುಬಿಡಿ. ಪ್ಯಾರಿಸಿನಿಂದ ದಕ್ಷಿಣಕ್ಕೆ ಹೊರಟ ಆರ್‌ಇಆರ್ ಬಿ ರೈಲು ನಿಮ್ಮನ್ನು ಕಣಿವೆಯ ತಳದಲ್ಲಿ ಬಿಟ್ಟು ಮುಂದಕ್ಕೆ ಹೋಗುತ್ತದೆ. ಎದುರಿಗೆ ಎಲೆ ಉದುರಿಸಿಕೊಂಡು ನಿಂತ ಕಾಡು, ಕಾಡಿನೊಳಗೆ ನೂರಾರು ಮೆಟ್ಟಿಲು. ಚಳಿಗಾಲದ ಬೆಳಗಿನ ಎಂಟು ಗಂಟೆ, ಇನ್ನೂ ಪೂರ್ತಿ ಬೆಳಕಾಗಿಲ್ಲ. ಬೆನ್ನಿಗೆ ಬ್ಯಾಗು ಏರಿಸಿಕೊಂಡ ಹುಡುಗ ಹುಡುಗಿಯರು ಒಬ್ಬರ ಹಿಂದೊಬ್ಬರು ಹತ್ತುತ್ತಿದ್ದಾರೆ, ಯಾರೂ ಮಾತಾಡುತ್ತಿಲ್ಲ. ನೀವೂ ಹತ್ತಿ. ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು ಬಂದಿರುತ್ತದೆ, ಕೋಟಿನ ಗುಂಡಿ ಬಿಚ್ಚಿರುತ್ತೀರಿ. ಕೊನೆಯ ಮೆಟ್ಟಿಲು ದಾಟಿದರೆ ಕಾಡು ಮುಗಿದು ಗಾಳಿ ಮುಖಕ್ಕೆ ಹೊಡೆಯುತ್ತದೆ. ಸಕ್ಲೇ ಬಯಲಿಗೆ ಬಂದಿದ್ದೀರಿ.

ಎಡಗಡೆ ಎಕೋಲ್ ಪಾಲಿಟೆಕ್ನಿಕ್, ಪ್ಯಾರಿಸಿನ ನಡುವಿನಿಂದ 1976ರಲ್ಲಿ ಇಲ್ಲಿಗೆ ಎದ್ದು ಬಂದದ್ದು. ಆಗ ಸುತ್ತಲೂ ಬೀಟ್‌ರೂಟು, ಗೋಧಿ ಬಿಟ್ಟರೆ ಬೇರೇನೂ ಇರಲಿಲ್ಲವೆಂದು ಹಳಬರು ಹೇಳುತ್ತಾರೆ. ಹೊಲ ಈಗಲೂ ಇದೆ, ಎರಡು ಸಾವಿರಕ್ಕೂ ಹೆಚ್ಚು ಹೆಕ್ಟೇರನ್ನು ಕಾನೂನು ಮಾಡಿ ಕಾಪಾಡಿಕೊಂಡಿದ್ದಾರೆ. ಆದರೆ ಹೊಲದ ಅಂಚಿಗೇ ಗಾಜಿನ ಕಟ್ಟಡಗಳ ಸಾಲು: ಸೆಂಟ್ರಾಲ್‌ಸುಪೆಲೆಕ್, ಎಕೋಲ್ ನಾರ್ಮಾಲ್, ಆಚೆಗೆ ಪರಮಾಣು ಶಕ್ತಿ ಆಯೋಗವಾದ ಸಿಇಎ, ಸೋಲೇ ಸಿಂಕ್ರೋಟ್ರಾನ್. ತಲೆಯ ಮೇಲೆ ಹೊಸ ಮೆಟ್ರೊ 18ನೇ ಮಾರ್ಗದ ಕಾಂಕ್ರೀಟು ಸೇತುವೆ ಬಯಲಿನುದ್ದಕ್ಕೂ ಹೋಗಿದೆ. ಹತ್ತು ನಿಮಿಷ ನಡೆದರೆ ಅಂಸ್ಟಿಟ್ಯೂ ಡಾಪ್ಟಿಕ್, ಬೆಳಕಿನ ವಿಜ್ಞಾನಕ್ಕೇ ಮೀಸಲಾದ ಸಂಸ್ಥೆ. ಒಳಗೆ ಬನ್ನಿ.

ಪ್ರಯೋಗಾಲಯದ ಬಾಗಿಲಲ್ಲೇ ಕನ್ನಡಕ ಕೊಡುತ್ತಾರೆ. ಹಾಕಿಕೊಳ್ಳಿ, ಇಲ್ಲಿನ ಲೇಸರು ಕಣ್ಣಿಗೆ ಸರಿಯಾಗಿ ಕಾಣಿಸುವುದೂ ಇಲ್ಲ, ತಗುಲಿದರೆ ಬಿಡುವುದೂ ಇಲ್ಲ. ಕೋಣೆಯಲ್ಲಿ ಫ್ಯಾನು ಮತ್ತು ಕೂಲಿಂಗ್ ಯಂತ್ರದ ಗುಂಯ್‌ಗುಡುವಿಕೆ. ಮಧ್ಯದಲ್ಲಿ ಉಕ್ಕಿನ ದೊಡ್ಡ ಮೇಜು, ಕಾಲುಗಳೊಳಗಿನ ಗಾಳಿಯ ಒತ್ತಡದ ಮೇಲೆ ಅದು ತೇಲುತ್ತಿದೆ, ಹೊರಗೆ ಲಾರಿ ಹೋದರೂ ಮೇಜು ನಡುಗಬಾರದು. ಅದರ ಮೇಲೆ ಕಿರುಬೆರಳಿನಷ್ಟಗಲದ ಕನ್ನಡಿಗಳು, ಮಸೂರಗಳು, ತಂತಿಗಳು, ಕಾಲಿಡಲು ಜಾಗವಿಲ್ಲದ ಸಂತೆ. ನಟ್ಟನಡುವೆ ಗಾಜಿನ ಕಿಟಕಿಗಳುಳ್ಳ ಉಕ್ಕಿನ ನಿರ್ವಾತ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ನೋಡಬೇಡಿ, ಪಕ್ಕದ ಮಾನಿಟರ್ ನೋಡಿ. ಕಪ್ಪು ಪರದೆಯ ಮೇಲೆ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೇ ಒಂದು ರುಬಿಡಿಯಂ ಪರಮಾಣು. ಅತಿ ಸಣ್ಣ ಬಿಂದುವಿಗೆ ಕೂಡಿಸಿದ ಲೇಸರ್ ಕಿರಣವೇ ಚಿಮುಟದಂತೆ ಅದನ್ನು ಹಿಡಿದು ನಿಲ್ಲಿಸಿದೆ. ಮೊದಲ ಚಿತ್ರದಲ್ಲಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು, ಅರ್ಧದಷ್ಟು ಜಾಗ ಖಾಲಿ. ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದು ಕಿರಣ ಬಂದು ಅಲ್ಲಿದ್ದುದನ್ನು ಎತ್ತಿ ಇಲ್ಲಿಡುತ್ತದೆ, ಇಲ್ಲಿದ್ದುದನ್ನು ಅಲ್ಲಿ. ಮುಂದಿನ ಚಿತ್ರದಲ್ಲಿ ಅಂಗಳಕ್ಕೆ ಇಟ್ಟ ರಂಗೋಲಿಯ ಚುಕ್ಕಿಗಳು, ಸಾಲಿಗೆ ಸಾಲು, ಒಂದೂ ತಪ್ಪಿಲ್ಲ.

ಈ ಪರಮಾಣುಗಳ ಸಾಲನ್ನೇ ಕ್ವಾಂಟಂ ಕಂಪ್ಯೂಟರ್ ಮಾಡಿ ಮಾರುತ್ತೇವೆ ಎಂದು 2019ರಲ್ಲಿ ಹುಟ್ಟಿಕೊಂಡ ಕಂಪನಿ ಪಾಸ್ಕಲ್. ಸ್ಥಾಪಕರಲ್ಲಿ ಒಬ್ಬರು ಅಲೆನ್ ಆಸ್ಪೆ, 2022ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು. ನೊಬೆಲ್ ತಂದುಕೊಟ್ಟ ಅವರ ಪ್ರಯೋಗ ನಡೆದದ್ದು ಇದೇ ಸಂಸ್ಥೆ ಪಕ್ಕದ ಓರ್ಸೇಯಲ್ಲಿದ್ದ ಕಾಲದಲ್ಲಿ, 1982ರ ಹೊತ್ತಿಗೆ. ಕ್ಯಾಲ್ಸಿಯಂ ಪರಮಾಣುವಿನಿಂದ ಹೊರಟ ಜೋಡಿ ಫೋಟಾನುಗಳು ದೂರ ದೂರ ಹೋದ ಮೇಲೂ ಹೇಗೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ ಎಂದು ಅಳೆದ ಪ್ರಯೋಗ ಅದು. ಒಂದೇ ಪರಮಾಣುವನ್ನು ಬೆಳಕಿನ ಚಿಮುಟದಲ್ಲಿ ಹಿಡಿದದ್ದು ಇದೇ ಸಂಸ್ಥೆಯಲ್ಲಿ, 2001ರಲ್ಲಿ. ಆಮೇಲೆ ಅಂತ್ವಾನ್ ಬ್ರೊವೇಸ್, ತಿಯೆರಿ ಲಾಯ್ ಮತ್ತು ಅವರ ವಿದ್ಯಾರ್ಥಿಗಳು ಒಂದನ್ನು ಹತ್ತು, ಹತ್ತನ್ನು ನೂರು ಮಾಡಿದರು. 1982ರಿಂದ 2019ಕ್ಕೆ ಲೆಕ್ಕ ಹಾಕಿ, 37 ವರ್ಷ. ಅಷ್ಟೂ ವರ್ಷ ಈ ಕೋಣೆಗಳ ಕರೆಂಟು ಬಿಲ್ಲು, ಸಂಬಳ, ಕನ್ನಡಿಗಳ ದುಡ್ಡು ಮುಖ್ಯವಾಗಿ ಬಂದದ್ದು ಜನರ ತೆರಿಗೆಯಿಂದ. ವೆಂಚರ್ ಕ್ಯಾಪಿಟಲ್ ಬಂದು ಬಾಗಿಲು ತಟ್ಟಿದ್ದು ಅದಾದ ಮೇಲೆ. ಫ್ರಾನ್ಸಿನ ಸ್ಟಾರ್ಟಪ್ ಹಣದ ಬಗ್ಗೆ ಯಾವ ವರದಿ ಓದಿದರೂ ಮೊದಲ ಹೂಡಿಕೆಯಾದ ಸೀಡ್ ಸುತ್ತಿನಿಂದ ಕಥೆ ಶುರುವಾಗುತ್ತದೆ. ಅದು ಅರ್ಧ ಕಥೆ.

ಈಗ ನೀವೇ ಇಲ್ಲಿನ ಸಂಶೋಧಕರು ಅಂದುಕೊಳ್ಳಿ. ಪೈಪಿನಿಂದ ಸೋರುವ ಮೀಥೇನನ್ನು ದೂರದಿಂದಲೇ ಅಳೆಯುವ ಲೇಸರ್ ಉಪಕರಣವೊಂದನ್ನು ಮಾಡಿದ್ದೀರಿ. ಕಂಪನಿ ಮಾಡಬೇಕು. ನೀವು ಸರ್ಕಾರಿ ನೌಕರರು, ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಎಸ್‌ನ ಕಾಯಂ ವಿಜ್ಞಾನಿಗಳೆಲ್ಲ ಹಾಗೆಯೇ. 1999ರ ಜುಲೈಗಿಂತ ಮೊದಲಾಗಿದ್ದರೆ ನಿಮ್ಮ ಸಂಶೋಧನೆಯಿಂದ ಹುಟ್ಟಿದ ಕಂಪನಿಯಲ್ಲಿ ನೀವೇ ಪಾಲು ಹಿಡಿಯುವುದು ಕಾನೂನಿನ ಕಣ್ಣಿಗೆ ಕಷ್ಟದ ವಿಷಯವಾಗಿತ್ತು. ಆ ವರ್ಷ ಮಂತ್ರಿ ಕ್ಲೋದ್ ಅಲೇಗ್ರ್ ತಂದ ಕಾಯ್ದೆ ದಾರಿ ತೆಗೆಯಿತು. 2019ರ ಪಾಕ್ತ್ ಕಾಯ್ದೆ ಇನ್ನಷ್ಟು ಸಡಿಲಿಸಿ, ಅರ್ಧ ಹೊತ್ತು ಲ್ಯಾಬು ಅರ್ಧ ಹೊತ್ತು ಕಂಪನಿ ಎಂದು ಬದುಕಲು ಬಿಟ್ಟಿತು.

ಆದರೆ ಪೇಟೆಂಟು ನಿಮ್ಮದಲ್ಲ, ಸಂಸ್ಥೆಯದು. ಮಹಡಿ ಮೇಲಿನ ತಂತ್ರಜ್ಞಾನ ವರ್ಗಾವಣೆ ಕಚೇರಿಗೆ ಹೋಗಿ. ಮೇಜಿನ ಮೇಲೆ ಕರಾರಿನ ಕರಡು. ಮಾರಾಟದಲ್ಲಿ ಎಷ್ಟು ರಾಯಲ್ಟಿ, ಕಂಪನಿಯಲ್ಲಿ ಸಂಸ್ಥೆಗೆ ಎಷ್ಟು ಪಾಲು, ಲೈಸೆನ್ಸು ನಿಮಗೊಬ್ಬರಿಗೋ ಬೇರೆಯವರಿಗೂ ಕೊಡಬಹುದೋ. ಎದುರು ಕೂತ ವಕೀಲೆ ಕೆಟ್ಟವರೇನಲ್ಲ, ಸಾರ್ವಜನಿಕ ಆಸ್ತಿಯನ್ನು ಬಿಟ್ಟಿ ಕೊಟ್ಟರೆಂಬ ಮಾತು ಬರಬಾರದೆಂದು ಎಚ್ಚರದಲ್ಲಿದ್ದಾರೆ. ಪೇಟೆಂಟಿನಲ್ಲಿ ಮೂರು ಸಂಸ್ಥೆಗಳ ಹೆಸರಿದ್ದರೆ ಮೂರೂ ಕಡೆ ಸಹಿಯಾಗಬೇಕು. ಈ ಕಡತಗಳು ತಿಂಗಳುಗಟ್ಟಲೆ ಓಡಾಡುತ್ತವೆ, ಕೆಲವು ವರ್ಷವನ್ನೂ ಮೀರುತ್ತವೆ. ಇದನ್ನು ಸರಿಪಡಿಸಲೆಂದೇ 2010ರ ದಶಕದ ಆರಂಭದಲ್ಲಿ ಸಾಟ್ ಎಂಬ ವರ್ಗಾವಣೆ ಕಂಪನಿಗಳನ್ನು ಊರೂರಿಗೆ ಕಟ್ಟಿದರು. ಅವು ಲ್ಯಾಬಿನ ಆವಿಷ್ಕಾರ ಮಾಗುವವರೆಗೆ ಹಣ ಹಾಕುತ್ತವೆ, ಅದು ಒಳ್ಳೆಯದೇ. ಆದರೂ ನನ್ನನ್ನು ಕೇಳಿದರೆ ಇಡೀ ದಾರಿಯಲ್ಲಿ ಅತ್ಯಂತ ವ್ಯರ್ಥವಾಗಿ ಕಳೆಯುವ ಹೊತ್ತು ಇದೇ. ಹೂಡಿಕೆದಾರ ಬರಬೇಕೆಂದರೆ ಲೈಸೆನ್ಸಿನ ಪತ್ರ ಕೈಯಲ್ಲಿರಬೇಕು, ಅದು ಬರುವಷ್ಟರಲ್ಲಿ ಜೊತೆಗಿದ್ದ ಪಿಎಚ್‌ಡಿ ಹುಡುಗ ಬೇರೆ ಕೆಲಸಕ್ಕೆ ಸೇರಿರುತ್ತಾನೆ.

ಲೈಸೆನ್ಸು ಬಂತು ಎನ್ನಿ. ಆಮೇಲಿನ ಒಂದಷ್ಟು ದೂರ ಫ್ರಾನ್ಸ್ ನಿಮ್ಮನ್ನು ಕೈಹಿಡಿದು ನಡೆಸುತ್ತದೆ. ಇಷ್ಟು ಚೆನ್ನಾಗಿ ನಡೆಸುವ ದೇಶಗಳು ಹೆಚ್ಚಿಲ್ಲ. ಸಾರ್ವಜನಿಕ ಹೂಡಿಕೆ ಬ್ಯಾಂಕಾದ ಬಿಪಿಐಫ್ರಾನ್ಸ್ ಮೊದಲ ಹೆಜ್ಜೆಗೆ 90,000 ಯೂರೊವರೆಗೆ ಕೊಡುತ್ತದೆ. ಒಂದು ಯೂರೊ ಎಂದರೆ ನೂರು ರೂಪಾಯಿಯ ಆಸುಪಾಸು. ಅದು ಸಾಲವಲ್ಲ, ಪಾಲೂ ಕೇಳುವುದಿಲ್ಲ. 1999ರಿಂದ ನಡೆದುಬಂದ ಐ-ಲ್ಯಾಬ್ ಸ್ಪರ್ಧೆ ಗೆದ್ದರೆ 6 ಲಕ್ಷ ಯೂರೊವರೆಗೆ. ಹೊಸ ಕಂಪನಿ ಸಂಶೋಧನೆಗೇ ಹೆಚ್ಚು ಖರ್ಚು ಮಾಡುತ್ತಿದ್ದರೆ, ಸಂಶೋಧಕರ ಸಂಬಳದ ಮೇಲೆ ಮಾಲೀಕರು ಕಟ್ಟಬೇಕಾದ ಸಾಮಾಜಿಕ ಭದ್ರತೆಯ ವಂತಿಗೆಯಲ್ಲಿ ದೊಡ್ಡ ವಿನಾಯಿತಿ. ಇದೆಲ್ಲದಕ್ಕಿಂತ ದೊಡ್ಡದು 1983ರಿಂದ ಇರುವ ಸಂಶೋಧನಾ ತೆರಿಗೆ ಮರುಪಾವತಿ. ಈ ವರ್ಷ ಸಂಶೋಧನೆಗೆ 10 ಲಕ್ಷ ಯೂರೊ ಲೆಕ್ಕ ತೋರಿಸಿದಿರೋ, ಅದರ ಶೇ 30ರಂತೆ 3 ಲಕ್ಷ ವಾಪಸು. ಲಾಭವೇ ಇಲ್ಲದ ಸಣ್ಣ ಕಂಪನಿಗೂ ನಗದಾಗಿಯೇ ಬರುತ್ತದೆ. ವರ್ಷಕ್ಕೆ 700 ಕೋಟಿ ಯೂರೊಗಿಂತ ಹೆಚ್ಚು ಹಣ ಖಜಾನೆಯಿಂದ ಇದಕ್ಕೇ ಹೋಗುತ್ತದೆ, ಅದರ ದೊಡ್ಡ ಭಾಗ ದೊಡ್ಡ ಕಂಪನಿಗಳ ಪಾಲಾಗುತ್ತದೆಂಬ ಜಗಳವೂ ಅಷ್ಟೇ ಹಳೆಯದು.

ಖಜಾನೆ ಬರಿದಾಗುತ್ತಿರುವುದರಿಂದ ಕತ್ತರಿ ಹೊರಗೆ ಬಂದಿದೆ. ಹೊಸದಾಗಿ ಪಿಎಚ್‌ಡಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡರೆ ಅವರ ಸಂಬಳವನ್ನು ಇಮ್ಮಡಿಯಾಗಿ ಲೆಕ್ಕ ಹಿಡಿಯುವ ಸವಲತ್ತಿತ್ತು, 2025ರ ಬಜೆಟ್ಟು ಅದನ್ನು ತೆಗೆದುಹಾಕಿತು. ಕಾಗದದ ಮೇಲೆ ಸಣ್ಣ ತಿದ್ದುಪಡಿ. ಆರು ಜನರ ಕಂಪನಿಯ ಮಟ್ಟಿಗೆ ಅದು ಏಳನೆಯವಳನ್ನು ತೆಗೆದುಕೊಳ್ಳಲೋ ಬೇಡವೋ ಎಂಬ ಪ್ರಶ್ನೆ. ಇಲ್ಲಿ ಕತ್ತರಿಸಿದ್ದು ತಪ್ಪು ಜಾಗಕ್ಕೆ ಹಾಕಿದ ಕತ್ತರಿ ಎಂದೇ ನನ್ನ ಎಣಿಕೆ.

ಮಧ್ಯಾಹ್ನದ ಹೊತ್ತಿಗೆ ಪ್ಯಾರಿಸಿಗೆ ವಾಪಸು ಬನ್ನಿ. ಒಪೇರಾದ ಹಿಂದಿನ ಬೀದಿಗಳಲ್ಲೊಂದು, ಹಳೆಯ ಕಲ್ಲಿನ ಕಟ್ಟಡ, ಇಬ್ಬರು ನಿಂತರೆ ತುಂಬುವ ಲಿಫ್ಟು. ಮೂರನೇ ಮಹಡಿಯಲ್ಲಿ ವೆಂಚರ್ ಫಂಡೊಂದರ ಕಚೇರಿ. ಗಾಜಿನ ಕೋಣೆ, ಉದ್ದನೆ ಮೇಜು, ಸಣ್ಣ ಕಪ್ಪಿನಲ್ಲಿ ಕಡು ಕಾಫಿ. ಎದುರಿಗೆ ಇಬ್ಬರು. ಒಬ್ಬರು ಹಣದ ಲೆಕ್ಕದವರು, ಇನ್ನೊಬ್ಬರು ತಾವೂ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಹದಿನೈದು ವರ್ಷದ ಹಿಂದೆ ಈ ಎರಡನೆಯ ಕುರ್ಚಿಯಲ್ಲಿ ಇಂಥವರು ಕೂತಿರುವುದು ಅಪರೂಪವಾಗಿತ್ತು. ಈಗ ಕ್ವಾಂಟಂ ಒಂದಕ್ಕೇ ಮೀಸಲಾದ ಕ್ವಾಂಟೊನೇಶನ್‌ನಂಥ ಫಂಡೇ ಪ್ಯಾರಿಸಿನಲ್ಲಿದೆ.

"ಎಷ್ಟು ಕೇಳುತ್ತಿದ್ದೀರಿ?"

"20 ಲಕ್ಷ ಯೂರೊ."

"ಅದರಲ್ಲಿ ಎಲ್ಲಿಯವರೆಗೆ ಹೋಗುತ್ತೀರಿ?"

"ಹದಿನೆಂಟು ತಿಂಗಳಲ್ಲಿ ಪ್ರೊಟೊಟೈಪ್ ರೆಡಿ. ಬಯಲಿಗೆ ಒಯ್ದು ಅಳೆಯಬಹುದು."

"ಸರಿ. ಯಾರು ಕೊಳ್ಳುತ್ತಾರೆ?"

ಮೊದಲೆರಡು ಪ್ರಶ್ನೆಗೆ ನಾಲಿಗೆ ತುದಿಯಲ್ಲಿದ್ದ ಉತ್ತರ ಮೂರನೆಯದಕ್ಕೆ ಇರುವುದಿಲ್ಲ. ಅನಿಲ ಕಂಪನಿಗಳು ಆಸಕ್ತಿ ತೋರಿಸಿವೆ ಎನ್ನುತ್ತೀರಿ. ಎದುರಿನವರು ಬರೆದುಕೊಳ್ಳುವುದಿಲ್ಲ. ಆಸಕ್ತಿಯೇ ಬೇರೆ, ಆರ್ಡರೇ ಬೇರೆ.

ಲೆಕ್ಕ ಹೀಗೆ. ಇವತ್ತಿಗೆ ಕಂಪನಿಯ ಬೆಲೆ 80 ಲಕ್ಷ ಎಂದು ಒಪ್ಪಿದರೆ, ಅವರ 20 ಲಕ್ಷ ಸೇರಿ ಒಂದು ಕೋಟಿ, ಅವರದು ಐದರಲ್ಲೊಂದು ಪಾಲು. ಇದೇ ಪ್ರಮಾಣದಲ್ಲಿ ಇನ್ನೆರಡು ಸುತ್ತು ನಡೆದರೆ ಮೊದಲಿದ್ದವರೆಲ್ಲರ ಪಾಲು ಅರ್ಧಕ್ಕೆ ಬಂದು ನಿಲ್ಲುತ್ತದೆ. ಆಪ್ ಮಾಡುವ ಕಂಪನಿಗೆ ಇದು ಅಷ್ಟು ತಟ್ಟುವುದಿಲ್ಲ, ಮೊದಲ ಸುತ್ತಿನ ಹಣದಲ್ಲೇ ಅದು ಮಾರಲು ಶುರು ಮಾಡಿರುತ್ತದೆ. ನೀವು ಮಾರುವ ಮೊದಲು ಲೇಸರು ಕೊಳ್ಳಬೇಕು, ಕ್ಲೀನ್‌ರೂಮ್ ಬಾಡಿಗೆ ಕಟ್ಟಬೇಕು, ಪ್ರಮಾಣಪತ್ರ ತರಬೇಕು. ಇನ್ನೊಂದು ಕಡೆ ಫಂಡಿಗೂ ಒಂದು ಆಯಸ್ಸಿದೆ, ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರಲ್ಲಿ ಅದು ತನಗೆ ಹಣ ಕೊಟ್ಟವರಿಗೆ ಲಾಭ ಸಮೇತ ಹಿಂತಿರುಗಿಸಬೇಕು. ಮಲೆನಾಡಿನಲ್ಲಿ ಅಡಿಕೆ ಸಸಿ ನೆಟ್ಟವನಿಗೆ ಗೊನೆ ಕಾಣಲು ಐದಾರು ವರ್ಷ ಬೇಕು, ಅವನಿಗೆ ಮೂರನೇ ವರ್ಷಕ್ಕೇ ತೀರಿಸು ಎಂದು ಸಾಲ ಕೊಟ್ಟರೆ ಒಂದೋ ಸಾಲ ಕೆಡುತ್ತದೆ, ಇಲ್ಲವೇ ತೋಟ. ಫ್ರಾನ್ಸಿನ ವಿಜ್ಞಾನದ ಕಂಪನಿಗಳ ಎಲ್ಲ ತಾಪತ್ರಯದ ಬುಡದಲ್ಲಿ ಇರುವುದು ಈ ಕಾಲದ ಲೆಕ್ಕ.

ಸಂಜೆ ಸೇನ್ ನದಿಯ ಎಡದಂಡೆಯಲ್ಲಿ, 13ನೇ ವಾರ್ಡಿನಲ್ಲಿ, 310 ಮೀಟರ್ ಉದ್ದದ ಕಾಂಕ್ರೀಟ್ ಕಮಾನಿನ ಅಡಿ ನಿಂತುಕೊಳ್ಳಿ. ಎಂಜಿನಿಯರ್ ಯೂಜೆನ್ ಫ್ರೇಸಿನೇ 1920ರ ದಶಕದ ಕೊನೆಗೆ ರೈಲಿನ ಸರಕು ಇಳಿಸಲು ಕಟ್ಟಿದ ಗೋದಾಮು. ಉದ್ಯಮಿ ಜೇವಿಯೇ ನೀಲ್ ಸುಮಾರು 25 ಕೋಟಿ ಯೂರೊ ಸುರಿದು ಇದನ್ನು ಸ್ಟೇಷನ್ ಎಫ್ ಮಾಡಿದರು. 2017ರ ಜೂನಿನಲ್ಲಿ ಆಗಷ್ಟೇ ಅಧ್ಯಕ್ಷರಾಗಿದ್ದ ಇಮ್ಯಾನುಯೆಲ್ ಮ್ಯಾಕ್ರಾನ್ ಬಂದು ಉದ್ಘಾಟಿಸಿದರು. ಸಾವಿರ ಸ್ಟಾರ್ಟಪ್ಪುಗಳಿಗೆ ಜಾಗ. ಮೇಜು ಮೇಜಿಗೂ ಲ್ಯಾಪ್‌ಟಾಪ್, ಕಿವಿಗೆ ಇಯರ್‌ಫೋನ್. ಬೆಳಗ್ಗೆ ನೋಡಿದ ನಿರ್ವಾತ ಪೆಟ್ಟಿಗೆಯನ್ನು ಈ ಮೇಜುಗಳ ಮೇಲೆ ಇಡಲಾಗುವುದಿಲ್ಲ.

ಈ ಕಮಾನಿನ ಕೆಳಗೆ ಒಂದು ಕಾಲದಲ್ಲಿ ಹಣ ಹೊಳೆಯಂತೆ ಹರಿಯಿತು. ಲೆಕ್ಕಪರಿಶೋಧನಾ ಸಂಸ್ಥೆ ಇವೈ ವರ್ಷ ವರ್ಷ ತೆಗೆಯುವ ಎಣಿಕೆಯ ಪ್ರಕಾರ ಫ್ರಾನ್ಸಿನ ಎಲ್ಲ ಸ್ಟಾರ್ಟಪ್ಪುಗಳು ಸೇರಿ 2021ರಲ್ಲಿ ಸುಮಾರು 1,160 ಕೋಟಿ ಯೂರೊ, 2022ರಲ್ಲಿ 1,350 ಕೋಟಿ ಎತ್ತಿದವು. ಆಮೇಲೆ ಬಡ್ಡಿ ದರ ಏರಿತು. 2023ಕ್ಕೆ 830 ಕೋಟಿ, 2024ಕ್ಕೆ 780 ಕೋಟಿಯ ಹತ್ತಿರ. ಇಳಿದ ನೀರಿನಲ್ಲಿ ಬಂಡೆಗಳು ಕಾಣುವಂತೆ ಹಣ ಎಲ್ಲಿ ನಿಂತಿದೆಯೆಂಬುದು ಈಗ ಕಾಣಿಸುತ್ತಿದೆ. ಊಟ ತಲುಪಿಸುವ, ಸ್ಕೂಟರ್ ಬಾಡಿಗೆ ಕೊಡುವ ಕಂಪನಿಗಳ ಕಡೆಗೆ ಹೂಡಿಕೆದಾರರು ತಿರುಗಿ ನೋಡುತ್ತಿಲ್ಲ. ಬ್ಯಾಟರಿ, ಕ್ವಾಂಟಂ, ರೋಬಾಟು, ಎಐ ಕಡೆಗೆ ನೋಡುತ್ತಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಗ್ರೆನೋಬಲ್‌ನ ಬ್ಯಾಟರಿ ಕಂಪನಿ ವೆರ್ಕೋರ್ ಡನ್‌ಕರ್ಕ್ ಬಳಿಯ ಕಾರ್ಖಾನೆಗಾಗಿ ಷೇರು, ಸಾಲ, ಸಬ್ಸಿಡಿ ಎಲ್ಲ ಸೇರಿ 200 ಕೋಟಿ ಯೂರೊಗೂ ಹೆಚ್ಚು ಹೊಂದಿಸಿಕೊಂಡಿತು. 2023ರ ಏಪ್ರಿಲ್‌ನಲ್ಲಿ ಹುಟ್ಟಿದ ಎಐ ಕಂಪನಿ ಮಿಸ್ಟ್ರಾಲ್ ಎರಡೇ ತಿಂಗಳಲ್ಲಿ 10.5 ಕೋಟಿ ಎತ್ತಿತು. 2025ರ ಸೆಪ್ಟೆಂಬರಿನಲ್ಲಿ 170 ಕೋಟಿ, ಕಂಪನಿಯ ಬೆಲೆ 1,170 ಕೋಟಿ.

ಆ 170 ಕೋಟಿಯಲ್ಲಿ 130 ಕೋಟಿ ಕೊಟ್ಟದ್ದು ನೆದರ್ಲೆಂಡ್ಸಿನ ಚಿಪ್ ಯಂತ್ರಗಳ ಕಂಪನಿ ಎಎಸ್‌ಎಂಎಲ್. ಪಾಸ್ಕಲ್‌ನ 10 ಕೋಟಿ ಯೂರೊ ಸುತ್ತನ್ನು 2023ರ ಜನವರಿಯಲ್ಲಿ ಮುನ್ನಡೆಸಿದ್ದು ಸಿಂಗಪುರದ ಟೆಮಾಸೆಕ್. 2025ರ ಜನವರಿಯಲ್ಲಿ ಇನ್ನೊಂದು ಕ್ವಾಂಟಂ ಕಂಪನಿ ಆಲಿಸ್ ಆ್ಯಂಡ್ ಬಾಬ್ 10 ಕೋಟಿ ಎತ್ತಿತಲ್ಲ, ಅದರಲ್ಲಿ ಮುಂದೆ ನಿಂತ ಫಂಡುಗಳಲ್ಲೊಂದು ಬಿಪಿಐಫ್ರಾನ್ಸ್ ಮತ್ತು ಕತಾರಿನ ಸರ್ಕಾರಿ ನಿಧಿ ಸೇರಿ ಕಟ್ಟಿದ್ದು. ಲಿಲ್ ಊರಿನ ಗೋದಾಮು ರೋಬಾಟುಗಳ ಎಕ್ಸೋಟೆಕ್‌ಗೆ 2022ರಲ್ಲಿ ದೊಡ್ಡ ಹಣ ಬಂದದ್ದು ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್‌ನಿಂದ. ಸಣ್ಣ ಸುತ್ತುಗಳಲ್ಲಿ ಮನೆಯ ಹಣ, ದೊಡ್ಡ ಸುತ್ತುಗಳಲ್ಲಿ ಹೊರಗಿನದು. ಹೊರಗಿನ ಹಣ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ 37 ವರ್ಷ ಸಾಕಿದವರ ಕೈಯಲ್ಲಿ ಫಸಲಿನ ಹೊತ್ತಿಗೆ ದುಡ್ಡಿಲ್ಲ ಎಂಬುದು ಯೋಚಿಸಬೇಕಾದ ವಿಷಯ.

ದುಡ್ಡಿಲ್ಲ ಎಂದರೆ ಫ್ರೆಂಚರ ಹತ್ತಿರ ಇಲ್ಲ ಎಂದಲ್ಲ. ಜೀವವಿಮೆಯ ಉಳಿತಾಯ ಖಾತೆಗಳಲ್ಲಿ ಅಲ್ಲಿನ ಕುಟುಂಬಗಳು ಇಟ್ಟಿರುವುದು ಸುಮಾರು 2 ಲಕ್ಷ ಕೋಟಿ ಯೂರೊ. ಅದರ ಬಹುಪಾಲು ಸರ್ಕಾರಿ ಮತ್ತು ಕಂಪನಿ ಬಾಂಡುಗಳಲ್ಲಿ ತಣ್ಣಗೆ ಮಲಗಿದೆ. ಪಿಂಚಣಿ ಇವತ್ತು ದುಡಿಯುವವರ ವಂತಿಗೆಯಿಂದ ಇವತ್ತಿನ ವೃದ್ಧರಿಗೆ ನೇರ ಹೋಗುವುದರಿಂದ ಅಮೆರಿಕದಂತೆ ದೈತ್ಯ ಪಿಂಚಣಿ ನಿಧಿಗಳು ಹುಟ್ಟಲಿಲ್ಲ. ಅಮೆರಿಕದಲ್ಲಿ ವೆಂಚರ್ ಫಂಡುಗಳಿಗೆ ನೀರುಣಿಸುವುದು ಅಂಥ ನಿಧಿಗಳೇ. ಅರ್ಥಶಾಸ್ತ್ರಜ್ಞ ಫಿಲಿಪ್ ಟಿಬಿ 2019ರಲ್ಲಿ ಕೊಟ್ಟ ವರದಿ ಈ ಹುಣ್ಣಿಗೇ ಕೈ ಹಾಕಿತು. ವಿಮಾ ಕಂಪನಿಗಳಂಥ ದೊಡ್ಡ ಸಂಸ್ಥೆಗಳು 600 ಕೋಟಿ ಯೂರೊ ತೆಗೆದಿಡುವ ಮಾತು ಕೊಟ್ಟವು, 2023ರಲ್ಲಿ ಎರಡನೇ ಕಂತಿಗೆ ಇನ್ನೂ 700 ಕೋಟಿ. ಕೆಲಸ ಆಗಿದೆ. ಆದರೆ 2 ಲಕ್ಷ ಕೋಟಿಯ ಪಕ್ಕದಲ್ಲಿ ಇಟ್ಟು ನೋಡಿ.

ಮರುದಿನ ಬೆಳಗ್ಗೆ ಗಾರ್ ದ್ಯು ನೋರ್‌ನಿಂದ ಆಮಿಯೆನ್ ರೈಲು ಹಿಡಿಯಿರಿ. ಒಂದು ಗಂಟೆ ಚಿಲ್ಲರೆ ಪ್ರಯಾಣ, ಕಿಟಕಿಯಾಚೆ ಪಿಕಾರ್ದಿಯ ಮಟ್ಟಸ ಹೊಲಗಳು. ಮ್ಯಾಕ್ರಾನ್ ಹುಟ್ಟಿದ ಊರು ಇದು. ಟೈರು ಮಾಡುತ್ತಿದ್ದ ಗುಡ್‌ಇಯರ್ ಕಾರ್ಖಾನೆ 2014ರ ಜನವರಿಯಲ್ಲಿ ಮುಚ್ಚಿ 1,143 ಜನ ಕೆಲಸ ಕಳೆದುಕೊಂಡ ಊರು. ಬಟ್ಟೆ ಒಣಗಿಸುವ ಯಂತ್ರ ಮಾಡುತ್ತಿದ್ದ ವರ್ಲ್‌ಪೂಲ್ 2018ರಲ್ಲಿ ಬಾಗಿಲೆಳೆದುಕೊಂಡ ಊರು. ಉತ್ತರದ ಅಂಚಿಗೆ ಹೋದರೆ ಪುಲೆನ್‌ವಿಲ್, ಅಲ್ಲಿ ಹೊಲಗಳ ನಡುವೆ ಕಿಟಕಿಯಿಲ್ಲದ ಎತ್ತರದ ಕಟ್ಟಡವೊಂದು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಇನ್‌ಸೆಕ್ಟ್ ಕಂಪನಿ ಕಟ್ಟಿದ ಹುಳು ಸಾಕಣೆಯ ಕಾರ್ಖಾನೆ. ರಸ್ತೆಯ ಬದಿ ನಿಂತು ಅದರ ಅಳತೆ ಕಣ್ಣಿಗೆ ತುಂಬಿಕೊಳ್ಳಿ.

2011ರಲ್ಲಿ ನಾಲ್ವರು ಸೇರಿ ಶುರು ಮಾಡಿದ ಕಂಪನಿ. ಹಿಟ್ಟಿನಲ್ಲಿ ಬೀಳುವ ಹುಳುವಿನ ಜಾತಿಯನ್ನು ತಟ್ಟೆಗಳಲ್ಲಿ ಸಾಕಿ, ತಟ್ಟೆಗಳನ್ನು ಆಳೆತ್ತರಕ್ಕಿಂತ ಎಷ್ಟೋ ಪಟ್ಟು ಮೇಲಕ್ಕೆ ಜೋಡಿಸಿ, ರೋಬಾಟುಗಳಿಂದ ಮೇವು ಹಾಕಿಸಿ, ಪುಡಿ ಮಾಡಿ ಮೀನಿಗೆ, ನಾಯಿ ಬೆಕ್ಕಿಗೆ ಪ್ರೋಟೀನು ಕೊಡುವ ಯೋಚನೆ. ಸಮುದ್ರದ ಸಣ್ಣ ಮೀನನ್ನು ಬಾಚಿ ದೊಡ್ಡ ಮೀನಿಗೆ ಹಾಕುವುದು ನಿಲ್ಲುತ್ತದೆಂಬ ಒಳ್ಳೆಯ ಕಾರಣವೂ ಇತ್ತು. ಹಾಲಿವುಡ್ ನಟ ರಾಬರ್ಟ್ ಡೌನಿ ಜೂನಿಯರ್‌ನ ಸಂಸ್ಥೆಯೂ ಹಣ ಹಾಕಿತು. ಒಟ್ಟು 60 ಕೋಟಿ ಡಾಲರಿಗೂ ಹೆಚ್ಚು ಬಂತು. ದೋಲ್‌ನಲ್ಲಿ ಸಣ್ಣ ಘಟಕ ಓಡಿಸಿದವರು ಅಲ್ಲಿಂದ ಒಂದೇ ನೆಗೆತಕ್ಕೆ ಈ ಗೋಪುರಕ್ಕೆ ಬಂದರು. ಹುಳುವಿಗೆ ಹಾಕುವ ಮೇವು ಗೋಧಿ ತೌಡಿನಂಥದ್ದು, ಅದನ್ನು ದನ ಕೋಳಿಗೆ ನೇರವಾಗಿಯೇ ಹಾಕಬಹುದು, ಅದಕ್ಕೂ ಬೆಲೆ ಇದೆ. ಹುಳುವನ್ನು ಬೆಚ್ಚಗಿಡಬೇಕು, 2022ರಲ್ಲಿ ಯುರೋಪಿನ ಕರೆಂಟು ಗ್ಯಾಸಿನ ದರ ಆಕಾಶಕ್ಕೇರಿತು. ಮಾರುಕಟ್ಟೆಯಲ್ಲಿ ಎದುರಾಳಿ ಯಾರು? ಸೋಯಾ ಹಿಂಡಿ, ಮೀನಿನ ಪುಡಿ. ಪಶು ಆಹಾರ ಕೊಳ್ಳುವವನು ಕೆ.ಜಿ.ಗೆ ಪೈಸೆ ನೋಡುತ್ತಾನೆ, ಹಸಿರು ಕಾರಣಕ್ಕೆ ದುಪ್ಪಟ್ಟು ಕೊಡುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕಂಪನಿ ನ್ಯಾಯಾಲಯದ ರಕ್ಷಣೆ ಕೇಳಿತು. 2025ರ ಡಿಸೆಂಬರ್ ಆರಂಭದಲ್ಲಿ ನ್ಯಾಯಾಲಯ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶಿಸಿತು.

ಇದರ ಬಗ್ಗೆ ಪ್ಯಾರಿಸಿನಲ್ಲಿ ಎರಡು ಮಾತು ಕೇಳಿಬರುತ್ತವೆ. ವಿಜ್ಞಾನಿಗಳಿಗೆ ವ್ಯಾಪಾರ ಬರುವುದಿಲ್ಲ ಎಂಬುದೊಂದು. ಯುರೋಪಿನಲ್ಲಿ ಸಾಕಷ್ಟು ಹಣವಿಲ್ಲ ಎಂಬುದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಿಲ್ಲ. 60 ಕೋಟಿ ಡಾಲರು ಕಡಿಮೆ ಹಣವಲ್ಲ, ಹುಳು ಸಾಕುವ ತಂತ್ರವೂ ನಿಜವಾದದ್ದೇ. ಫಂಡಿನ ಗಾಜಿನ ಕೋಣೆಯಲ್ಲಿ ನಿಮಗೆ ಬಿದ್ದ ಮೂರನೇ ಪ್ರಶ್ನೆಯನ್ನು ಇವರಿಗೆ ಅಷ್ಟು ಗಟ್ಟಿಯಾಗಿ ಯಾರೂ ಕೇಳಿದಂತಿಲ್ಲ. ಈ ದರಕ್ಕೆ ಇಷ್ಟು ಟನ್ನು, ಇಷ್ಟು ವರ್ಷ ಕೊಳ್ಳುತ್ತೇನೆಂದು ಸಹಿ ಹಾಕಿದ ಗಿರಾಕಿಗಳು ಈ ಗೋಪುರ ತುಂಬುವಷ್ಟು ಇದ್ದಂತಿಲ್ಲ. ಸುತ್ತು ದೊಡ್ಡದಾದಷ್ಟೂ ಕಾರ್ಖಾನೆ ದೊಡ್ಡದಾಗಬೇಕು, ಕಾರ್ಖಾನೆ ದೊಡ್ಡದಾದಷ್ಟೂ ಮುಂದಿನ ಸುತ್ತು ದೊಡ್ಡದಾಗಬೇಕು. ಈ ಏಣಿಯಲ್ಲಿ ನಡುವೆ ನಿಂತು ಉಸಿರು ತೆಗೆದುಕೊಳ್ಳುವ ಮೆಟ್ಟಿಲಿಲ್ಲ. ಹೋದ ಹಣ ಮುಖ್ಯವಾಗಿ ಹೂಡಿಕೆದಾರರದ್ದು, ಅವರು ತಡೆದುಕೊಳ್ಳುತ್ತಾರೆ. ಗುಡ್‌ಇಯರ್ ಹೋಯಿತು, ವರ್ಲ್‌ಪೂಲ್ ಹೋಯಿತು, ಇದಾದರೂ ಉಳಿಯುತ್ತದೆಂದು ನೆಚ್ಚಿಕೊಂಡಿದ್ದ ಊರಿಗೆ ಆದ ನಷ್ಟ ಯಾವ ವರದಿಯ ಕೋಷ್ಟಕದಲ್ಲೂ ಇಲ್ಲ.

ಬೆಂಗಳೂರಿನಲ್ಲಿ ಕೂತು ಇದನ್ನು ಓದುವವರಿಗೆ ಈ ಪ್ರಶ್ನೆ ಪರದೇಶದ್ದಲ್ಲ. ಕೇಂದ್ರದ ರಾಷ್ಟ್ರೀಯ ಕ್ವಾಂಟಂ ಮಿಷನ್ 2023ರಲ್ಲಿ 6,003 ಕೋಟಿ ರೂಪಾಯಿಯೊಂದಿಗೆ ಹೊರಟಿತು. 2025ರಲ್ಲಿ ಬೆಂಗಳೂರಿನ ಕ್ಯುಪಿಐಎಐ ಕಂಪನಿಯ 3.2 ಕೋಟಿ ಡಾಲರ್ ಸುತ್ತಿನಲ್ಲಿ ಅದೇ ಮಿಷನ್ ಹೂಡಿಕೆದಾರನಾಗಿ ಮುಂದೆ ನಿಂತಿತು. ಅದೇ ವರ್ಷ ಸಂಶೋಧನೆ ಮತ್ತು ನಾವೀನ್ಯಕ್ಕೆ ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು. ಹಣ ಕೊಡುವ ಏಣಿ ನಮ್ಮಲ್ಲೂ ಏಳುತ್ತಿದೆ. ಕೊಳ್ಳುವವರ ಬಗ್ಗೆ ಮಾತು ಇನ್ನೂ ಕಡಿಮೆ.

ಕೊಳ್ಳುವುದು ಹೇಗಿರುತ್ತದೆಂದು ನೋಡಲು ಮತ್ತೆ ಪ್ಯಾರಿಸಿನ ದಕ್ಷಿಣಕ್ಕೆ ಬನ್ನಿ. ಬ್ರುಯೇರ್ ಲ ಶಾತೆಲ್ ಎಂಬ ಊರಿನಲ್ಲಿ ಸಿಇಎಯ ಸೂಪರ್‌ಕಂಪ್ಯೂಟರ್ ಕೇಂದ್ರವಿದೆ. ಒಳಗೆ ಸಾಲು ಸಾಲು ಕಪಾಟುಗಳ ಭೋರ್ಗರೆತ, ಪಕ್ಕದವರ ಮಾತು ಕೇಳಲು ಕಿವಿ ಹತ್ತಿರ ತರಬೇಕು. ಈ ದೈತ್ಯನ ಜೊತೆಗೂಡಲು ಬಂದದ್ದು ಪಾಸ್ಕಲ್ ಮಾಡಿಕೊಟ್ಟ ಯಂತ್ರ. ನಿನ್ನೆ ಬೆಳಗ್ಗೆ ಉಕ್ಕಿನ ಮೇಜಿನ ಮೇಲೆ ಚೆಲ್ಲಾಪಿಲ್ಲಿ ಹರಡಿದ್ದ ಕನ್ನಡಿ, ಮಸೂರ, ಲೇಸರು, ನಿರ್ವಾತ ಪೆಟ್ಟಿಗೆ ಎಲ್ಲವೂ ಇಲ್ಲಿ ಮುಚ್ಚಿದ ಕಪಾಟುಗಳೊಳಗೆ ಸೇರಿಕೊಂಡಿವೆ. ನೂರಕ್ಕೂ ಹೆಚ್ಚು ರುಬಿಡಿಯಂ ಪರಮಾಣುಗಳು, ಸೂಪರ್‌ಕಂಪ್ಯೂಟರಿನ ಮುಂದೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ ಕರೆಂಟು. 2021ರ ಕೊನೆಗೆ ಶುರುವಾದ ಎಚ್‌ಪಿಸಿಕ್ಯುಎಸ್ ಎಂಬ ಯುರೋಪಿನ ಯೋಜನೆಯಲ್ಲಿ ಫ್ರಾನ್ಸ್ ಒಂದು, ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರ ಒಂದು, ಹೀಗೆ ಎರಡು ಯಂತ್ರ ತರಿಸಿಕೊಂಡವು. ಫೋಟಾನುಗಳಿಂದ ಲೆಕ್ಕ ಮಾಡುವ ಕ್ವಾಂಡೆಲಾ ಕಂಪನಿಗೂ ಹೀಗೆಯೇ ಆಯಿತು. 2017ರಲ್ಲಿ ಅದು ಭೌತವಿಜ್ಞಾನಿ ಪಾಸ್ಕಾಲ್ ಸೆನೆಲಾರ್ ಅವರ ಸಕ್ಲೇ ಪ್ರಯೋಗಾಲಯದಿಂದ ಹೊರಬಂತು. ಅದರ ಕಂಪ್ಯೂಟರನ್ನು 2023ರಲ್ಲಿ ಕೊಂಡದ್ದು ಫ್ರಾನ್ಸಿನದೇ ಕ್ಲೌಡ್ ಕಂಪನಿ ಒವಿಎಚ್. ಅದೇ ವರ್ಷದ ನವೆಂಬರಿನಲ್ಲಿ ಕ್ವಾಂಡೆಲಾಗೆ 5 ಕೋಟಿ ಯೂರೊ ಹೂಡಿಕೆ ಬಂತು.

ಮೊದಲ ಯಂತ್ರ ಇನ್ನೂ ಕಚ್ಚಾ, ಉಪಯೋಗ ಕಡಿಮೆ, ಬೆಲೆ ಜಾಸ್ತಿ. ಯಾವ ಖಾಸಗಿ ಗಿರಾಕಿಯೂ ಅದನ್ನು ಲಾಭದ ಲೆಕ್ಕದಲ್ಲಿ ಕೊಳ್ಳಲಾರ. ಆದರೆ ಆರ್ಡರ್ ಬಂದ ದಿನದಿಂದ ಕಂಪನಿಯೊಳಗೆ ಕೆಲಸದ ರೀತಿಯೇ ಬದಲಾಗುತ್ತದೆ. ಪ್ರಬಂಧಕ್ಕೆ ಸಾಕಾಗುವ ಫಲಿತಾಂಶ ಸಾಲುವುದಿಲ್ಲ, ಶುಕ್ರವಾರ ರಾತ್ರಿ ಕೆಟ್ಟರೆ ಶನಿವಾರ ಯಾರು ಬಂದು ಸರಿ ಮಾಡುತ್ತಾರೆಂದು ಕರಾರಿನಲ್ಲಿ ಬರೆಯಬೇಕು. ಬಿಡಿಭಾಗ ಪೂರೈಸುವವರನ್ನು ಹುಡುಕಬೇಕು. ಹೂಡಿಕೆಯ ಹಣ ಇದನ್ನು ಕಲಿಸುವುದಿಲ್ಲ.

ಫ್ರಾನ್ಸ್ ಸರ್ಕಾರಕ್ಕೆ ಇದು ಅರ್ಥವಾದಂತಿದೆ. 2021ರ ಜನವರಿಯಲ್ಲಿ ಮ್ಯಾಕ್ರಾನ್ ಸಕ್ಲೇಗೆ ಬಂದು ಘೋಷಿಸಿದ 180 ಕೋಟಿ ಯೂರೊಗಳ ಕ್ವಾಂಟಂ ಯೋಜನೆಯಲ್ಲಿ ಸಂಶೋಧನೆಯ ಮಾತೇ ಹೆಚ್ಚಿತ್ತು. 2024ರ ಮಾರ್ಚಿನಲ್ಲಿ ರಕ್ಷಣಾ ಇಲಾಖೆ ಪ್ರೊಕ್ಸಿಮಾ ಎಂಬ ಖರೀದಿ ಯೋಜನೆ ತಂದಿತು. ಗರಿಷ್ಠ 50 ಕೋಟಿ ಯೂರೊ, ಐದು ಕಂಪನಿ: ಪಾಸ್ಕಲ್, ಕ್ವಾಂಡೆಲಾ, ಆಲಿಸ್ ಆ್ಯಂಡ್ ಬಾಬ್, ಸಿ12, ಕ್ವೊಬ್ಲಿ. ಒಬ್ಬರದು ಪರಮಾಣು, ಒಬ್ಬರದು ಫೋಟಾನು, ಒಬ್ಬರದು ಅತಿವಾಹಕ ಸರ್ಕ್ಯೂಟು, ಒಬ್ಬರದು ಇಂಗಾಲದ ನ್ಯಾನೊ ಕೊಳವೆ, ಗ್ರೆನೋಬಲ್‌ನ ಕೊನೆಯವರದು ಮಾಮೂಲಿ ಚಿಪ್ಪಿನ ಸಿಲಿಕಾನು. ನಾಲ್ಕು ವರ್ಷಕ್ಕೆ ಐದರಲ್ಲಿ ಮೂರು ಉಳಿಯುತ್ತವೆ, ಎಂಟು ವರ್ಷಕ್ಕೆ ಎರಡು. 2032ರ ಹೊತ್ತಿಗೆ ಕೆಲಸಕ್ಕೆ ಬರುವ ಎರಡು ಪ್ರೊಟೊಟೈಪು ಬೇಕೆಂಬುದು ಗುರಿ.

ಎಂಟು ವರ್ಷ ಮುಂಚಿತವಾಗಿ ಹೇಳಿದ ಗಿರಾಕಿ ಸಿಗುವುದು ಈ ಕಂಪನಿಗಳ ಪಾಲಿಗೆ ದೊಡ್ಡ ವಿಷಯ, ಯಾವ ಫಂಡಿನ ಮುಂದೆ ಕೂತರೂ ಮೂರನೇ ಪ್ರಶ್ನೆಗೆ ಈಗ ಒಂದು ಉತ್ತರವಿದೆ. ಮೀಥೇನ್ ಅಳೆಯುವ ನಿಮ್ಮ ಉಪಕರಣಕ್ಕೆ ಅಂಥದ್ದಿಲ್ಲ. ಹುಳುವಿನ ಪ್ರೋಟೀನಿಗೂ ಇರಲಿಲ್ಲ. ಕ್ವಾಂಟಂ ಕಂಪ್ಯೂಟರು ದೇಶದ ಭದ್ರತೆಯ ವಿಷಯವಾದ್ದರಿಂದ ರಕ್ಷಣಾ ಇಲಾಖೆ ಕೊಳ್ಳುತ್ತದೆ. ಸೋರುವ ಪೈಪು, ಮೀನಿನ ಮೇವು, ಹೊಸ ಸಿಮೆಂಟು, ಔಷಧ ತಯಾರಿಸುವ ಹೊಸ ಕಿಣ್ವ, ಇವಕ್ಕೆಲ್ಲ ಯಾವ ಇಲಾಖೆ, ಯಾವ ನಗರಸಭೆ, ಯಾವ ರೈಲ್ವೆ ಮೊದಲ ಆರ್ಡರ್ ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. 2030ರ ಹೊತ್ತಿಗೆ ವರ್ಷಕ್ಕೆ 500 ಡೀಪ್‌ಟೆಕ್ ಕಂಪನಿ, ಅಂದರೆ ಲ್ಯಾಬಿನ ವಿಜ್ಞಾನದ ಮೇಲೆ ನಿಂತ ಕಂಪನಿ, ಹುಟ್ಟಬೇಕೆಂದು ಬಿಪಿಐಫ್ರಾನ್ಸ್ ಗುರಿ ಇಟ್ಟುಕೊಂಡಿದೆ, ವರ್ಷಕ್ಕೆ ನೂರು ಹೊಸ ಕಾರ್ಖಾನೆಯೂ ಬೇಕಂತೆ. ಪ್ರೊಕ್ಸಿಮಾದ ಮೊದಲ ಕಡಿತದಲ್ಲಿ ಐದರಲ್ಲಿ ಎರಡು ಕಂಪನಿ ಹೊರಬೀಳುತ್ತವೆ. ಆ ಎರಡರ ಎಂಜಿನಿಯರುಗಳನ್ನೂ ಪೇಟೆಂಟುಗಳನ್ನೂ ಆಗ ಯಾರು ಕೊಳ್ಳುತ್ತಾರೆ, ಉಳಿದ ಮೂವರೋ, ಸಿಂಗಪುರವೋ, ಅಮೆರಿಕವೋ ಎಂಬುದನ್ನು ಪ್ಯಾರಿಸಿನ ಹೂಡಿಕೆದಾರರು ಈಗಿನಿಂದಲೇ ಲೆಕ್ಕ ಹಾಕುತ್ತಿರಬೇಕು, ಸರ್ಕಾರವೂ ಹಾಕಬೇಕು.